ಪದಚರ್ಚೆ: ಜೋಡಿಸಿದ ಕಂಪ್ಯೂಟರಿಗೆ ಓಎಸ್ 'ಒಗ್ಗುವುದು' – ಈ ಬಳಕೆ ನಿಮ್ಮ ಕಡೆ ಇದೆಯೇ?

ಎಲ್ಲರಿಗೂ ನಮಸ್ಕಾರ.

ಸಾಗರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುವುದು, ಹಳೆಯದನ್ನು ರಿಪೇರಿ ಮಾಡುವುದು, ಓಎಸ್ (ವಿಂಡೋಸಿನಂತೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಹಾಕಿಕೊಡುವುದು ನನ್ನ ಕೆಲಸ. ಈ ಬಳಗದ ಪತ್ರಗಳನ್ನು ಬಹಳ ದಿನದಿಂದ ಓದುತ್ತಿದ್ದೇನೆ. ನಾನೇ ಕೇಳಬೇಕು ಅನ್ನಿಸುವಂಥ ಮಾತು ಸಿಕ್ಕಿದ್ದು ಈಗ.

ಹೋದ ವಾರ ಹೊಸನಗರ ಕಡೆಯ ಹಿರಿಯರೊಬ್ಬರು ಬಂದಿದ್ದರು. ಅಡಿಕೆ ತೋಟದವರು. ಗೊಬ್ಬರದ ಚೀಲದಲ್ಲಿ ಸುತ್ತಿ ತಂದ ಸಿಪಿಯು ಪೆಟ್ಟಿಗೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟು ಹೇಳಿದರು: "ಹೊಸ ವಿಂಡೋಸಿಗೆ ನಮ್ಮ ಪೆಟ್ಟಿಗೆ ಒಗ್ಗಲಿಲ್ಲ ಕಣ್ರೀ. ಇದಕ್ಕೆ ಒಗ್ಗೋದು ಬೇರೆ ಏನಾದ್ರೂ ಇದ್ರೆ ನೋಡಿ."

ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇನೆ. ಈ ಜಾಗದಲ್ಲಿ 'ಒಗ್ಗು' ಅಂತ ಯಾರೂ ಹೇಳಿದ್ದನ್ನು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆದರೆ ಅವರು ಹೇಳಿದ ಕೂಡಲೇ, ಇದಕ್ಕೆ ಇದೇ ಪದ ಅನ್ನಿಸಿತು. ಯಾಕೆ ಹಾಗನ್ನಿಸಿತು ಅಂತ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ.

ಮೊದಲು ಆ ಪೆಟ್ಟಿಗೆಯ ವಿಚಾರ. 2014ರಲ್ಲಿ ಅವರ ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೊಂದೇ ಸಾಮಾನು ಆರಿಸಿ ಜೋಡಿಸಿದ್ದು. ಇಂಟೆಲ್‌ನ 4ನೇ ತಲೆಮಾರಿನ ಐ3 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್. ಪಕ್ಕದ ತಗಡು ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ ಅಡಿಕೆ ಸಿಪ್ಪೆಯ ನಾರು ಸುತ್ತಿಕೊಂಡಿತ್ತು. ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯ ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆ. ನಮ್ಮ ಮಳೆಗಾಲದ ತೇವಕ್ಕೆ ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಸಿಕ್ಕಿಸಿದೆ. ಒಂದೇ ಒಂದು ಬೀಪ್ ಬಂತು, ತೆರೆ ಬೆಳಗಿತು. ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ.

ತೊಂದರೆ ಬೇರೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಬೋರ್ಡಿನಲ್ಲೋ ಪ್ರೊಸೆಸರಿನಲ್ಲೋ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಇವರ ಪೆಟ್ಟಿಗೆಯಲ್ಲಿ ಎರಡೂ ಇಲ್ಲ. ಮಗ ದೀಪಾವಳಿಗೆ ಬಂದಾಗ ಪ್ರಯತ್ನಪಟ್ಟಿದ್ದಾನೆ. ಈ ಕಂಪ್ಯೂಟರಿನಲ್ಲಿ ಆಗುವುದಿಲ್ಲ ಅಂತ ತೆರೆಯ ಮೇಲೆ ಬಂದಿದೆ. ಅದನ್ನೇ ಅವರು 'ಒಗ್ಗಲಿಲ್ಲ' ಅಂದಿದ್ದು.

ಈಗ ಪದಕ್ಕೆ ಬರುತ್ತೇನೆ. ಓಎಸ್ ಹಾಕುವ ಕೆಲಸಕ್ಕೆ ಅಂಗಡಿಯಲ್ಲಿ ಕೇಳುವ ಮಾತುಗಳು ಬಹಳ ಇಲ್ಲ. ದೊಡ್ಡವರು "ವಿಂಡೋಸ್ ಹಾಕಿಕೊಡಿ" ಅನ್ನುತ್ತಾರೆ. ಕಾಲೇಜು ಹುಡುಗರು "ಫಾರ್ಮ್ಯಾಟ್ ಹೊಡೆದುಕೊಡಿ" ಅನ್ನುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಹುಡುಗ 'ಕೂರಿಸು' ಅನ್ನುತ್ತಾನೆ, "ಓಎಸ್ ಕೂತ್ಕೊಂಡ್ತು ಅಣ್ಣ" ಅಂತ. ಗಣಪತಿ ಕೂರಿಸುತ್ತೇವೆ, ಬಾಗಿಲನ್ನು ಚೌಕಟ್ಟಿಗೆ ಕೂರಿಸುತ್ತೇವೆ, ಅದೇ ಕೂರಿಸು. ಇದು ನನಗೆ ಬಹಳ ಇಷ್ಟ. ಲಿನಕ್ಸ್ ಅಂತ ಪುಕ್ಕಟೆ ಸಿಗುವ ಇನ್ನೊಂದು ಓಎಸ್ ಇದೆ, ಅದರ ಕನ್ನಡ ಅನುವಾದದಲ್ಲಿ 'ಅನುಸ್ಥಾಪಿಸು' ಅಂತಿದೆ. ಸಂಬಳವಿಲ್ಲದೆ ಕೂತು ಅಷ್ಟೆಲ್ಲ ಅನುವಾದ ಮಾಡಿದವರ ಮೇಲೆ ನನಗೆ ತುಂಬ ಗೌರವ ಇದೆ. ಆದರೆ 'ಅನುಸ್ಥಾಪಿಸು' ಅನ್ನುವ ಮಾತು ಅಂಗಡಿಯಲ್ಲಿ ಒಬ್ಬರ ಬಾಯಲ್ಲೂ ಬಂದಿಲ್ಲ.

ನಾನು ಹೇಳಬೇಕೆಂದಿರುವುದು ಇದು: ಕೂರುವುದು ಬೇರೆ, ಒಗ್ಗುವುದು ಬೇರೆ. ಎರಡಕ್ಕೂ ನಾವು 'ಇನ್‌ಸ್ಟಾಲ್ ಆಯ್ತು' ಅಂದುಬಿಡುತ್ತೇವೆ. ಅಲ್ಲೇ ಗಿರಾಕಿಗೂ ನನಗೂ ಮಾತು ತಪ್ಪುವುದು.

ಅದೇ ಪೆಟ್ಟಿಗೆಗೆ ನಾನು ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದೆ. ರ‍್ಯಾಮ್ 8 ಜಿಬಿ ಮಾಡಿದೆ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದೆ. ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಓಎಸ್ ಕೂತಿತು. ತೆರೆ ಸರಿಯಾಗಿ ಬಂತು, ಧ್ವನಿ ಬಂತು, ಅವರ ಪ್ರಿಂಟರ್ ಕೂಡ ತಾನಾಗೇ ಸಿಕ್ಕಿತು. ವೈಫೈ ಮಾತ್ರ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಒಂದು ಸಣ್ಣ ವೈಫೈ ಕಡ್ಡಿ ತಂದಿದ್ದರು. ಓಎಸ್ಸಿನ ತಿರುಳಾದ ಕರ್ನಲ್ಲಿನಲ್ಲಿ ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇರಲಿಲ್ಲ. ಹುಡುಕಿ, ಬೇರೆ ಕಡೆಯಿಂದ ಡ್ರೈವರ್ ತಂದು ಈ ಕರ್ನಲ್ಲಿಗೆ ತಕ್ಕ ಹಾಗೆ ಕಟ್ಟಿ (ಕಂಪೈಲ್ ಮಾಡಿ) ಸೇರಿಸಿದೆ. ಎರಡು ದಿನ ಚೆನ್ನಾಗಿ ನಡೆಯಿತು. ಕರ್ನಲ್ ಅಪ್‌ಡೇಟ್ ಆಯಿತು, ವೈಫೈ ಮತ್ತೆ ಹೋಯಿತು. ಹೊರಗಿನಿಂದ ಸೇರಿಸಿದ ಡ್ರೈವರನ್ನು ಪ್ರತಿ ಹೊಸ ಕರ್ನಲ್ಲಿಗೂ ಮತ್ತೆ ಕಟ್ಟಬೇಕಾಗುತ್ತದೆ. ಓಎಸ್ ಕೂತಿದೆ, ಆದರೆ ಪೂರ್ತಿ ಒಗ್ಗಿಲ್ಲ. ಇದನ್ನು ಇನ್ನು ಹೇಗೆ ಹೇಳೋದು, ನೀವೇ ಹೇಳಿ.

ಮಲೆನಾಡಿನಲ್ಲಿ 'ಒಗ್ಗು' ದಿನಾ ಕಿವಿಗೆ ಬೀಳುವ ಮಾತು. ಮದುವೆಯಾಗಿ ಬಯಲುಸೀಮೆಯಿಂದ ಬಂದವರಿಗೆ ಇಲ್ಲಿನ ಥಂಡಿ ಒಗ್ಗುವುದಿಲ್ಲ. ಬೆಂಗಳೂರಿಗೆ ಹೋದ ಹುಡುಗನಿಗೆ ಅಲ್ಲಿನ ನೀರು ಒಗ್ಗುವುದಿಲ್ಲ. ಹೊರಗಿನಿಂದ ತಂದ ದೊಡ್ಡ ಹಸು ಈ ಮಳೆಗೆ ಒಗ್ಗದೆ ಸೊರಗುತ್ತದೆ, ಇಲ್ಲಿನದೇ ಸಣ್ಣ ತಳಿಯಾದ ಮಲೆನಾಡು ಗಿಡ್ಡ ಅದೇ ಮಳೆಯಲ್ಲಿ ನೆಂದು ಗುಡ್ಡ ಹತ್ತಿ ಮೇಯ್ದು ಬರುತ್ತದೆ.

ಈ ಉದಾಹರಣೆಗಳನ್ನು ಕಾಗದದಲ್ಲಿ ಬರೆದು ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ. 'ಒಗ್ಗು' ಬಂದಾಗ 'ಗೆ' ಯಾವುದಕ್ಕೆ ಸೇರುತ್ತದೆ ಅಂತ ಗಮನಿಸಿ. "ನನಗೆ ನೀರು ಒಗ್ಗಲಿಲ್ಲ" ಅಂದರೆ ನನ್ನ ಮೈ ಒಪ್ಪಲಿಲ್ಲ ಅಂತ. "ಗಿಡ ಈ ಮಣ್ಣಿಗೆ ಒಗ್ಗಿತು" ಅಂದರೆ ಮಣ್ಣು ಇದ್ದ ಹಾಗೇ ಇದೆ, ಗಿಡ ಬದಲಾಯಿತು ಅಂತ. "ನಾನು ಊರಿಗೆ ಒಗ್ಗಿಹೋದೆ" ಅಂದರೆ ಊರು ಬದಲಾಗಲಿಲ್ಲ, ನಾನು ಬದಲಾದೆ. ಅಂದರೆ 'ಗೆ' ಸೇರಿದ್ದು ತನ್ನ ಜಾಗದಲ್ಲೇ ನಿಂತಿರುತ್ತದೆ. ಇನ್ನೊಂದು ಬಗ್ಗಬೇಕು, ಇಲ್ಲವಾದರೆ ಕೂಡಿಬರುವುದಿಲ್ಲ.

ಈಗ ಆ ಹಿರಿಯರ ಮಾತನ್ನು ಮತ್ತೆ ನೋಡಿ. "ಹೊಸ ವಿಂಡೋಸಿಗೆ ನಮ್ಮ ಪೆಟ್ಟಿಗೆ ಒಗ್ಗಲಿಲ್ಲ." ನಿಯಮ ಇಟ್ಟಿದ್ದು ವಿಂಡೋಸ್, ಅದಕ್ಕೆ ತಕ್ಕ ಹಾಗೆ ಇರಬೇಕಾಗಿದ್ದು ಪೆಟ್ಟಿಗೆ. ನಂತರ, "ಇದಕ್ಕೆ ಒಗ್ಗೋದು ಬೇರೆ ಏನಾದ್ರೂ". ಇಲ್ಲಿ 'ಕ್ಕೆ' ಪೆಟ್ಟಿಗೆಗೆ ಬಂತು. ಪೆಟ್ಟಿಗೆ ಇದ್ದ ಹಾಗೇ ಇರುತ್ತದೆ, ಅದಕ್ಕೆ ತಕ್ಕ ಓಎಸ್ ಹುಡುಕಿ ಅಂತ. ಎರಡೇ ವಾಕ್ಯ, ಎರಡು ದಿಕ್ಕು. ಕಂಪ್ಯೂಟರ್ ಕಲಿಯದವರು ಇದನ್ನು ತಪ್ಪಿಲ್ಲದೆ ಹೇಳಿದರು. ಸುಮ್ನೆ ಬಾಯಿಗೆ ಬಂದಿದ್ದಲ್ಲ ಇದು, ಭಾಷೆಯೇ ಹೇಳಿಸಿದ್ದು ಅಂತ ನನ್ನ ಅಭಿಪ್ರಾಯ.

ಲಿನಕ್ಸಿನ ಮಟ್ಟಿಗಂತೂ ಇದು ಇನ್ನೂ ಸರಿ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಶುರು ಮಾಡಿದ್ದೇ ಇಂಟೆಲ್ 386 ಪ್ರೊಸೆಸರ್ ಇದ್ದ ತನ್ನ ಸ್ವಂತ ಕಂಪ್ಯೂಟರಿನ ಮೇಲೆ. ಆಮೇಲೆ ಜಗತ್ತಿನ ಬೇರೆ ಬೇರೆಯವರು ತಮ್ಮ ತಮ್ಮ ಯಂತ್ರಕ್ಕೆ ಬೇಕಾದ ಡ್ರೈವರ್ ಬರೆದು ಸೇರಿಸುತ್ತಾ ಹೋದರು. ಇವತ್ತು ಹತ್ತು ವರ್ಷದ ಹಳೆಯ ಬೋರ್ಡಿನಲ್ಲೂ ಅದು ಏಳುತ್ತದೆ ಅಂದರೆ, ಯಾರೋ ಒಬ್ಬರು ಕೂತು ಒಗ್ಗಿಸಿದ್ದಾರೆ ಅಂತಲೇ ಅರ್ಥ.

ಸಾಮಾನ್ಯವಾಗಿ ಇಲ್ಲೆಲ್ಲ 'ಹೊಂದಾಣಿಕೆ' ಅಂತ ಬರೆಯುತ್ತಾರೆ. "ಈ ಸಾಧನ ಹೊಂದಾಣಿಕೆಯಾಗುವುದಿಲ್ಲ" ಅಂತ. ತಪ್ಪೇನಿಲ್ಲ. ಆದರೆ ಹೊಂದಾಣಿಕೆ ಅಂದಾಗ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟ ಹಾಗೆ ಕೇಳುತ್ತದೆ. ಚುನಾವಣೆ ಸಮಯದಲ್ಲಿ ಪಕ್ಷಗಳು ಮಾಡಿಕೊಳ್ಳುವುದೂ ಹೊಂದಾಣಿಕೆಯೇ. ಯಾರು ಯಾರಿಗೆ ಬಗ್ಗಬೇಕು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ನನಗೆ ಬೇಕಾಗಿರುವುದು ಅದೇ. ಗಿರಾಕಿ ದುಡ್ಡು ಖರ್ಚು ಮಾಡಿ ಬೋರ್ಡು ಬದಲಿಸಬೇಕೋ, ಇರುವ ಬೋರ್ಡಿಗೆ ಬೇರೆ ಓಎಸ್ ಹಾಕಿಸಬೇಕೋ ಅಂತ ತೀರ್ಮಾನ ಆಗುವುದು ಅಲ್ಲೇ ಅಲ್ವಾ?

ನನ್ನ ಹೆಂಡತಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಅವಳು ಒಂದು ಆಕ್ಷೇಪ ಎತ್ತಿದಳು. ಒಗ್ಗುವುದಕ್ಕೆ ಕಾಲ ಬೇಕು, ದಿನ ಹೋದ ಹಾಗೆ ಒಗ್ಗುತ್ತದೆ, ಯಂತ್ರಕ್ಕೆ ಅದೆಲ್ಲಿ ಎಂದು. ಒಳ್ಳೆಯ ಪ್ರಶ್ನೆ. ಆದರೆ ಯಂತ್ರದಲ್ಲೂ ಕಾಲದ ಕೆಲಸ ಇದೆ. ಇವತ್ತಿನ ಕರ್ನಲ್ಲಿಗೆ ಗೊತ್ತಿಲ್ಲದ ವೈಫೈ ಚಿಪ್ ಮುಂದಿನ ಯಾವುದೋ ಕರ್ನಲ್ಲಿಗೆ ಗೊತ್ತಾಗಿರುತ್ತದೆ. ಹೊಚ್ಚ ಹೊಸ ಬೋರ್ಡಿಗಿಂತ ಒಂದೆರಡು ವರ್ಷ ಹಳೆಯದರಲ್ಲಿ ಲಿನಕ್ಸ್ ಸಲೀಸಾಗಿ ನಡೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೊದಲು ಒಗ್ಗದ್ದು ಆಮೇಲೆ ಒಗ್ಗುತ್ತದೆ.

ಇನ್ನೊಂದು ಪದ, ಕಸಿ. ಇದರಲ್ಲಿ ನನಗೆ ಒಗ್ಗುವಿನಷ್ಟು ಧೈರ್ಯ ಇಲ್ಲ, ಆದರೂ ಹೇಳುತ್ತೇನೆ.

ತೀರ್ಥಹಳ್ಳಿಯ ಒಬ್ಬ ಇಂಜಿನಿಯರಿಂಗ್ ಹುಡುಗ ತಾನೇ ಜೋಡಿಸಿದ ಕಂಪ್ಯೂಟರಿನಲ್ಲಿ ಆಪಲ್‌ನ ಮ್ಯಾಕ್‌ಓಎಸ್ ಓಡಿಸುತ್ತಿದ್ದ. ಆಪಲ್ ತನ್ನ ಯಂತ್ರಗಳ ಮೇಲೆ ಮಾತ್ರ ಬಳಸಬೇಕು ಅಂತ ಲೈಸೆನ್ಸಿನಲ್ಲಿ ಬರೆದಿದೆ, ಹಾಗಾಗಿ ಅಂಗಡಿಯಲ್ಲಿ ಇದನ್ನು ನಾನು ಮಾಡಿಕೊಡುವುದಿಲ್ಲ. ಆದರೆ ಕೆಲಸ ನೋಡಲು ಚಂದ. 2006ರಲ್ಲಿ ಆಪಲ್ ಇಂಟೆಲ್ ಪ್ರೊಸೆಸರಿಗೆ ಬಂದ ಮೇಲೆ, ನಾವು ಬಿಡಿಯಾಗಿ ಕೊಳ್ಳುವ ಸಾಮಾನಿಗೂ ಅವರ ಸಾಮಾನಿಗೂ ಹತ್ತಿರದ ನೆಂಟಸ್ತನ ಬಂತು. ಓಪನ್‌ಕೋರ್ ಅಂತ ಒಂದು ತಂತ್ರಾಂಶ ಇದೆ. ಮ್ಯಾಕ್‌ಓಎಸ್ ಏಳುವುದಕ್ಕೆ ಮೊದಲು ಅದು ಎದ್ದು, ಈ ಪೆಟ್ಟಿಗೆಗೆ ಆಪಲ್ ಯಂತ್ರದ ವೇಷ ಕಟ್ಟಿಸುತ್ತದೆ. ಓಎಸ್ ಅದನ್ನು ನಂಬಿ ಏಳುತ್ತದೆ.

ನಮ್ಮಲ್ಲಿ ಕಾಳುಮೆಣಸಿಗೆ ಹಿಪ್ಪಲಿ ಕಸಿ ಮಾಡುತ್ತಾರಲ್ಲ, ನನಗೆ ನೆನಪಾಗಿದ್ದು ಅದು. ಬ್ರೆಜಿಲ್ ಕಡೆಯ ಹಿಪ್ಪಲಿ ಗಿಡದ ಬೇರು ನೀರು ನಿಲ್ಲುವ ಜಾಗದಲ್ಲೂ ತಡೆದುಕೊಳ್ಳುತ್ತದೆ, ಸೊರಗು ರೋಗ ಅದಕ್ಕೆ ಬರುವುದಿಲ್ಲ. ಅದರ ಮೇಲೆ ನಮ್ಮ ಮೆಣಸಿನ ಕುಡಿ ಕಟ್ಟುತ್ತಾರೆ. ಬೇರು ಒಂದು, ಬಳ್ಳಿ ಇನ್ನೊಂದು. ಎರಡೂ ಒಂದೇ ಕುಲದ್ದಾದ್ದರಿಂದ ಕಸಿ ಹಿಡಿಯುತ್ತದೆ. ಮಾವಿನ ಮೇಲೆ ಮೆಣಸು ಕಟ್ಟಿದರೆ ಹಿಡಿಯುತ್ತದೆಯೇ? ಆಪಲ್ 2020ರಲ್ಲಿ ತನ್ನದೇ ಚಿಪ್ಪಿಗೆ ಹೊರಳಿತು. ಇಂಟೆಲ್ ಯಂತ್ರಗಳಿಗೆ ಬರುವ ಕೊನೆಯ ಮ್ಯಾಕ್‌ಓಎಸ್ 2025ರ ಟಾಹೋ ಎಂದು ಅವರೇ ಹೇಳಿಯಾಗಿದೆ. ಕುಲ ಬೇರೆಯಾಯಿತು, ಇನ್ನು ಮುಂದೆ ಕಸಿ ಹಿಡಿಯದು. ಆ ಹುಡುಗನಿಗೆ ಹೀಗೆ ಹೇಳಿದಾಗ ಬೇರೆ ವಿವರಣೆಯೇ ಬೇಕಾಗಲಿಲ್ಲ. ಅವನ ಮನೆಯಲ್ಲೂ ಮೆಣಸಿದೆ.

ನಾಮಪದಗಳ ಬಗ್ಗೆ ನನಗೆ ಹಟ ಇಲ್ಲ. ಡ್ರೈವರ್, ಕರ್ನಲ್, ಮದರ್‌ಬೋರ್ಡ್ ಹಾಗೇ ಇರಲಿ. 'ಚಾಲಕ' ಅಂದರೆ ನಮ್ಮೂರಲ್ಲಿ ಬಸ್ಸಿನವರೇ ನೆನಪಾಗುವುದು. ಸಾಮಾನಿನ ಜೊತೆ ಹೆಸರು ಬಂದೇ ಬರುತ್ತದೆ. ನಮ್ಮ ಕೈ ಮಾಡುವ ಕೆಲಸಕ್ಕಾದರೂ ನಮ್ಮ ಮಾತು ಇರಲಿ ಅಂತ ಆಸೆ. ಹಳೆಯ ಪದ ಹೊಸ ಕೆಲಸಕ್ಕೆ ಬರುವುದು ಹೊಸದೇನಲ್ಲ. 'ಕಡತ' ನೋಡಿ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಕಡತ. ಶೃಂಗೇರಿ ಮಠದ ಕಡತಗಳು ಹೆಸರಾದವು. ಈಗ ಅದೇ ಪದ ಕಂಪ್ಯೂಟರಿನ ತೆರೆಯ ಮೇಲೆ ಕೂತಿದೆ, ಯಾರಿಗೂ ಹೊಸದು ಅನ್ನಿಸುವುದಿಲ್ಲ.

ನನಗೆ ನಿಮ್ಮಿಂದ ಬೇಕಾಗಿರುವುದು ಮೂರು ಮಾತು.

ಧಾರವಾಡ, ಕಲಬುರಗಿ, ಮಂಗಳೂರು, ಮೈಸೂರು ಕಡೆಯವರು ನೀರು, ಹವೆ, ಊಟದ ವಿಚಾರದಲ್ಲಿ 'ಒಗ್ಗು' ಬಳಸುತ್ತೀರಾ, ಅಥವಾ ಬೇರೆ ಮಾತಿದೆಯೇ? 'ಗೆ' ಬಗ್ಗೆ ನಾನು ಹೇಳಿದ್ದು ನಿಮ್ಮ ಮಾತಿನಲ್ಲೂ ಹಾಗೇ ನಿಲ್ಲುತ್ತದೆಯೇ? ನಿಲ್ಲದ ಒಂದು ಉದಾಹರಣೆ ಸಿಕ್ಕರೂ ದಯವಿಟ್ಟು ಬರೆಯಿರಿ.

ಎರಡನೆಯದು, ಒಗ್ಗೂಡು, ಒಗ್ಗಟ್ಟು ಇವುಗಳಲ್ಲಿರುವ 'ಒಗ್ಗು' ಇದೇನಾ? ಹಾಗಿದ್ದರೆ ಬಿಡಿಭಾಗ ಒಗ್ಗೂಡಿಸಿದ ಪೆಟ್ಟಿಗೆಗೆ ಓಎಸ್ ಒಗ್ಗಿಸುವುದು ಅಂತ ಒಂದೇ ಬೇರಿನಲ್ಲಿ ಎಲ್ಲ ಹೇಳಬಹುದು.

ಕೊನೆಯದು ತುರ್ತಿನದು. ಹಳೆಯ ಜೋಡಿಸಿದ ಕಂಪ್ಯೂಟರ್ ಇಟ್ಟುಕೊಂಡಿರುವವರಿಗೆ ಅಂತ ಎರಡು ಪುಟದ ಕನ್ನಡ ಕೈಪಿಡಿ ಮಾಡುತ್ತಿದ್ದೇನೆ. ಯಾವ ವೈಫೈ ಕಡ್ಡಿ, ಯಾವ ಪ್ರಿಂಟರ್ ಲಿನಕ್ಸಿನಲ್ಲಿ ತಾನಾಗೇ ನಡೆಯುತ್ತದೆ ಅಂತ ಅದರಲ್ಲಿ ಒಂದು ಪಟ್ಟಿ ಇರುತ್ತದೆ. ಅದಕ್ಕೆ ತಲೆಬರಹ ಬೇಕು. 'ಒಗ್ಗಿಕೆ ಪಟ್ಟಿ' ಅಂದರೆ ಕೃತಕ ಅನ್ನಿಸುತ್ತದೆ. 'ಲಿನಕ್ಸಿಗೆ ಒಗ್ಗುವ ಸಾಮಾನು' ಅಂತ ಬರೆದಿದ್ದೇನೆ. ಆದರೆ ನನ್ನದೇ ಲೆಕ್ಕದಲ್ಲಿ 'ಗೆ' ಲಿನಕ್ಸಿಗೆ ಬಂದರೆ ಬಗ್ಗಬೇಕಾದ್ದು ಸಾಮಾನು ಅಂತಾಗುತ್ತದೆ. ನಿಜಕ್ಕೂ ಬಗ್ಗಿದ್ದು ಲಿನಕ್ಸ್. ಹಾಗಾದರೆ 'ಲಿನಕ್ಸ್ ಒಗ್ಗಿರುವ ಸಾಮಾನು' ಅನ್ನಬೇಕೇ? ಕಿವಿಗೆ ಅದು ಸರಿ ಕೇಳುತ್ತದೆಯೇ?

ಆ ಹಿರಿಯರು ಸೋಮವಾರ ಪೆಟ್ಟಿಗೆ ಒಯ್ಯಲು ಬರುತ್ತಾರೆ. ಕೈಪಿಡಿಯ ಮೊದಲ ಪ್ರತಿ ಅವರಿಗೇ ಕೊಡಬೇಕೆಂದಿದ್ದೇನೆ. ಭಾನುವಾರದೊಳಗೆ ಯಾರಾದರೂ ಒಂದು ಸಾಲು ಬರೆದರೂ ಸಾಕು.