ಒಂದೇ ಕಡತಕ್ಕೆ ಹತ್ತಾರು ಲೇಖಕರು: ತೀರ್ಮಾನ ಹೇಗೆ?

ಪ್ರಶ್ನೆ, ಕಲಬುರಗಿಯಿಂದ:
ನಮ್ಮ ಭಾಗದ ಹಳೆಯ ಜಲಮೂಲಗಳ ಬಗ್ಗೆ ಹದಿನಾಲ್ಕು ಜನ ಸೇರಿ ಆನ್‌ಲೈನ್ ಕಡತದಲ್ಲಿ ಪುಸ್ತಕ ಬರೆಯುತ್ತಿದ್ದೇವೆ. ಬೀದರಿನ ಕರೇಜ್‌ಗೆ, ಅಂದರೆ ನೆಲದಡಿಯ ನೀರಿನ ಸುರಂಗಕ್ಕೆ, ಬೇರೆ ಅಧ್ಯಾಯ ಬೇಕೇ ಎಂಬಲ್ಲೇ ಜಗ್ಗಾಟ. ಒಬ್ಬರು ಸೇರಿಸಿದ್ದನ್ನು ಇನ್ನೊಬ್ಬರು ರಾತ್ರೋರಾತ್ರಿ ಅಳಿಸುತ್ತಾರೆ. ಸದನದ ಹಾಗೆ ಗೊತ್ತುವಳಿ, ಮತದಾನ ಎಂದು ನಡೆಸಬಹುದೇ? ನಡೆಸಿ ನೋಡಿದವರು ತಿಳಿಸಿ.

ಬೀದರಿನಿಂದ:
ನಡೆಸಬಹುದು ಸರ್. ಆದರೆ ಲೋಕಸಭೆಯವರೆಗೆ ಹೋಗುವುದೇಕೆ, ಊರಿನ ಸಹಕಾರ ಸಂಘದ ನಡಾವಳಿ ಪುಸ್ತಕ ನೋಡಿದರೆ ಸಾಕು. ಗೊತ್ತುವಳಿ, ಸೂಚಕರು, ಅನುಮೋದಕರು. ಚರ್ಚೆ ಎಷ್ಟಾದರೂ ನಡೆಯಲಿ, ಮತಕ್ಕೆ ಹಾಕುವುದು ಒಂದೇ ವಾಕ್ಯ: "ಕರೇಜ್ ವಿಷಯವನ್ನು ಕೋಟೆಯ ಅಧ್ಯಾಯದಿಂದ ತೆಗೆದು ಮೂರನೆಯ ಅಧ್ಯಾಯವಾಗಿಸುವುದು." ಅನುಮೋದಕರು ಸಿಗದಿದ್ದರೆ ಅದು ಅಲ್ಲಿಗೇ ಬಿತ್ತು. "ಮೂರನೆಯ" ಬೇಡ, "ಕೊನೆಯ" ಇರಲಿ ಎಂದು ಯಾರಾದರೂ ಹೇಳಿದರೆ ಮೊದಲು ಆ ತಿದ್ದುಪಡಿಗೆ ಮತ, ಆಮೇಲೆ ಮೂಲ ಗೊತ್ತುವಳಿಗೆ. ಈ ಕ್ರಮ ತಪ್ಪಿದರೆ ಯಾರು ಯಾವುದಕ್ಕೆ ಒಪ್ಪಿದರೆಂದು ಬ್ರಹ್ಮನಿಗೂ ತಿಳಿಯದು.

ಶಹಾಪುರದಿಂದ:
ನಿಜವಾದ ತೊಡಕು ಕೋರಂನದು, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಯದು. ಸಂವಿಧಾನದ 100ನೇ ವಿಧಿಯಂತೆ ಸಂಸತ್ತಿನ ಸದನಕ್ಕೆ ಹತ್ತನೇ ಒಂದು ಭಾಗ ಸದಸ್ಯರಿದ್ದರೆ ಸಾಕು. ಬಹುಮತ ಎಣಿಸುವುದು ಹಾಜರಿದ್ದು ಮತ ಹಾಕಿದವರಲ್ಲಿ. ಆನ್‌ಲೈನ್ ಕಡತದಲ್ಲಿ ಹಾಜರಿ ಹಿಡಿಯುವುದು ಹೇಗೆ? ಹೆಸರಿನ ಪಕ್ಕ ಹಸಿರು ಚುಕ್ಕೆ ಇದ್ದವರು ಮೊಬೈಲ್ ತೆರೆದಿಟ್ಟು ಊಟಕ್ಕೆ ಹೋಗಿರಬಹುದು. ಹಾಗಾಗಿ ನಾವು ಗಡುವು ಇಡುತ್ತೇವೆ. ಏಳು ದಿನದೊಳಗೆ ಹೌದು, ಇಲ್ಲ, ತಟಸ್ಥ ಎಂದು ಬರೆದವರೇ ಹಾಜರಾದವರು. ಅರ್ಧದಷ್ಟಾದರೂ ಜನ ಬರೆಯದಿದ್ದರೆ ವಿಷಯ ಮುಂದಿನ ವಾರಕ್ಕೆ. ತೊಗರಿ ರಾಶಿಯ ಹೊತ್ತಿನಲ್ಲಿ ಮಾತ್ರ ಗಡುವು ಇಡಬೇಡಿ, ಹಳ್ಳಿಯವರು ಕೈಗೆ ಸಿಗುವುದಿಲ್ಲ. ಸಂಪಾದಕರು ಸ್ಪೀಕರ್ ಹಾಗೆ ಮೊದಲು ಸುಮ್ಮನಿದ್ದು, ಮತ ಸಮವಾದಾಗಷ್ಟೇ ತಮ್ಮದನ್ನು ಹಾಕಲಿ.

ಬಸವಕಲ್ಯಾಣದಿಂದ:
ಮೇಲಿನವರ ಮಾತಿಗೆ ತಕರಾರಿಲ್ಲ, ಆದರೆ ಎಲ್ಲವನ್ನೂ ಮತಕ್ಕೆ ಹಾಕಬೇಡಿ. ಅಧ್ಯಾಯ ಎಲ್ಲಿರಬೇಕು ಎಂಬುದಕ್ಕೆ ಕೈ ಎತ್ತಿಸಬಹುದು. ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋದ ವರ್ಷಕ್ಕೆ ಕೈ ಎತ್ತಿಸಿ ಏನು ಪ್ರಯೋಜನ? ಕೆಲವು ಗ್ರಂಥಗಳು 1424 ಎನ್ನುತ್ತವೆ, ಕೆಲವು 1432 ಎನ್ನುತ್ತವೆ. ಎರಡನ್ನೂ ಆಧಾರ ಸಮೇತ ಬರೆಯಿರಿ. ವಿಕಿಪೀಡಿಯದಲ್ಲೂ ತಲೆ ಎಣಿಕೆಗಿಂತ ಆಧಾರಕ್ಕೆ, ಸಹಮತಕ್ಕೆ ಬೆಲೆ ಹೆಚ್ಚು. ಇನ್ನು ರಾತ್ರಿ ಅಳಿಸುವವರ ವಿಷಯ: ಮತ ಮುಗಿಯುವವರೆಗೆ ಆ ಭಾಗವನ್ನು ಯಾರೂ ಮುಟ್ಟಬಾರದು ಎಂಬುದನ್ನೇ ಮೊದಲ ಗೊತ್ತುವಳಿ ಮಾಡಿ. ಆಮೇಲೂ ಅಳಿಸಿದರೆ ಜಗಳವಾಡಬೇಡಿ, ಹಳೆಯ ಆವೃತ್ತಿಯಿಂದ ಮರಳಿ ತಂದು ಹಾಕಿ.