ಈಗ ಮಧ್ಯಮ ವರ್ಗ ಅನ್ನಿಸಿಕೊಳ್ಳಲು ಏನೇನು ಇರಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು:
ನಮ್ಮಪ್ಪ ಒಬ್ಬರೇ ದುಡಿದು ಮನೆ ಕಟ್ಟಿಸಿದರು, ಮಕ್ಕಳನ್ನೆಲ್ಲ ಓದಿಸಿದರು. ನಾನು, ನನ್ನ ಹೆಂಡತಿ ಇಬ್ಬರೂ ದುಡಿಯುತ್ತೇವೆ. ಕಾರಿದೆ, ಒಳ್ಳೆ ಫೋನುಗಳಿವೆ. ಆದರೆ ಇರುವುದು ಬಾಡಿಗೆ ಮನೆಯಲ್ಲಿ, ತಿಂಗಳ ಕೊನೆಗೆ ಕೈ ಖಾಲಿ. "ಸ್ವಂತ ಸೂರಿಲ್ಲದವನು ಎಂಥ ಮಧ್ಯಮ ವರ್ಗ?" ಅಂತಾರೆ ಅಪ್ಪ. ಸಾಲ ಮಾಡಿಯಾದರೂ ಮನೆ ತಗೊಳ್ಳಲೇಬೇಕಾ? ಈ ಸ್ಥಿತಿ ದಾಟಿ ಬಂದವರು ದಯವಿಟ್ಟು ಹೇಳಿ.

ನಿವೃತ್ತ ಶಿಕ್ಷಕಿ:
ಅಪ್ಪನ ಜೊತೆ ಹೋಲಿಸಿಕೊಳ್ಳಿ, ತಪ್ಪಿಲ್ಲ. ಆದರೆ ಬಾಯಿಮಾತಲ್ಲಿ ಬೇಡ, ಲೆಕ್ಕದ ಪುಸ್ತಕ ಎದುರಿಗಿಟ್ಟುಕೊಂಡು ಹೋಲಿಸಿ. ನನ್ನ ಹಳೇ ಪುಸ್ತಕ ಇನ್ನೂ ಇದೆ. ತಿಂಗಳಿಗೆ ಒಂದೇ ಪುಟ. ಬಾಡಿಗೆ, ಶಾಲೆ ಫೀಸು, ಔಷಧಿ, ಕೈಸಾಲ ಇವೆಲ್ಲ ಸೇರಿ ಕೆಳಗಿನ ನಾಲ್ಕೈದು ಸಾಲು. ಉಳಿದ ಪುಟವೆಲ್ಲ ದಿನಸಿಯೇ. ಮಗಳು ಅವಳ ಮನೆ ಲೆಕ್ಕವನ್ನು ಫೋನಿನಲ್ಲಿ ತೋರಿಸಿದಾಗ ದಿನಸಿಯನ್ನು ಹುಡುಕಬೇಕಾಯಿತು. ಮೇಲೆ ಮನೆ ಸಾಲದ ಕಂತು, ಆಮೇಲೆ ಮಗುವನ್ನು ನೋಡಿಕೊಳ್ಳುವವರ ಫೀಸು, ಆರೋಗ್ಯ ವಿಮೆ, ಇಂಟರ್ನೆಟ್. ಫೋಟೋ ಇಡೋ ಜಾಗಕ್ಕೂ ತಿಂಗಳ ಬಾಡಿಗೆಯಂತೆ! ಅದು ನನಗೆ ಹೊಸ ಸುದ್ದಿ.

ಬಡತನ ಜಾಸ್ತಿ ಇದ್ದಷ್ಟೂ ಆದಾಯದ ದೊಡ್ಡ ಪಾಲು ಹೊಟ್ಟೆಗೇ ಹೋಗುತ್ತದೆ ಅಂತ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು. ಆ ಲೆಕ್ಕದಲ್ಲಿ ಮಗಳು ನನಗಿಂತ ಎಷ್ಟೋ ಮೇಲೆ. ಆದರೆ ನಿದ್ದೆಗೆಡುವವಳು ಅವಳು, ನಾನಲ್ಲ. ನಮ್ಮ ಕಾಲದಲ್ಲಿ ಫ್ರಿಜ್ ಬಂತು ಅಂದರೆ ಆ ಮನೆ ಒಂದು ಮೆಟ್ಟಿಲು ಮೇಲೆ ಹತ್ತಿತು ಅಂತಲೇ ಅರ್ಥ. ಈಗ ಸಾಮಾನು ಕಂತಿನ ಮೇಲೆ ಯಾರಿಗಾದರೂ ಸಿಗುತ್ತದೆ. ಸಾಮಾನು ನೋಡಿ ಯಾರ ಸ್ಥಿತಿಯನ್ನೂ ಹೇಳೋಕೆ ಆಗಲ್ಲ.

ಮನೆ ಸಾಲದ ಅರ್ಜಿ ನೋಡುವ ಕೆಲಸದಲ್ಲಿರುವವರು:
ಮೇಡಂ ಹೇಳಿದ್ದು ನಿಜ. ನಾವು ಸಂಬಳದ ಚೀಟಿಗಿಂತ ಬ್ಯಾಂಕ್ ಸ್ಟೇಟ್‌ಮೆಂಟನ್ನೇ ಗಮನವಿಟ್ಟು ನೋಡುತ್ತೇವೆ. ಸಂಬಳ ಬಿದ್ದ ಮಾರನೇ ದಿನ ಕಾರಿನ ಕಂತು, ಅದರ ಹಿಂದೆಯೇ ಫೋನಿನ ಕಂತು, ಕಾರ್ಡ್ ಬಾಕಿಯಲ್ಲಿ ಕನಿಷ್ಠ ಮೊತ್ತ ಮಾತ್ರ. ವಾರ ಕಳೆಯುವಷ್ಟರಲ್ಲಿ ಖಾತೆ ಬರಿದು. ಸಂಬಳ ನೋಡಿದರೆ ಅನುಕೂಲಸ್ಥರು. ಆದರೆ ಒಂದು ತಿಂಗಳು ಸಂಬಳ ತಪ್ಪಿದರೆ ಕಥೆ ಮುಗೀತು.

ಯಾರು ಮಧ್ಯಮ ವರ್ಗ ಅನ್ನೋದಕ್ಕೆ ಅಂಕಿಯ ಉತ್ತರ ಬೇಕಾದರೆ ಇದೆ. ಒಂದು ದೇಶದ ಮನೆಗಳನ್ನೆಲ್ಲ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವಿನ ಮನೆಯ ಆದಾಯ ನೋಡಿ. ಅದರ ಶೇ. 75ರಿಂದ ಶೇ. 200ರವರೆಗೆ ಇದ್ದವರು ಮಧ್ಯಮ ವರ್ಗ ಅಂತ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಂಸ್ಥೆ) 2019ರ ವರದಿಯಲ್ಲಿ ಹಿಡಿದಿದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಮೂರರಲ್ಲಿ ಎರಡು ಪಾಲಿನಿಂದ ಎರಡು ಪಟ್ಟಿನವರೆಗೆ ಅನ್ನುತ್ತದೆ. ಹೆಚ್ಚೂಕಡಿಮೆ ಒಂದೇ. ಈ ಲೆಕ್ಕದಲ್ಲಿ ಸಾಲವೂ ಇಲ್ಲ, ಉಳಿತಾಯವೂ ಇಲ್ಲ ನೋಡಿ. ಅದಕ್ಕೇ ಅಂಕಿಯಲ್ಲಿ ಪಾಸಾದವರೂ ನಿಮ್ಮ ಹಾಗೆ ಒದ್ದಾಡುತ್ತಾರೆ. ಅದೇ ವರದಿ ಪ್ರಕಾರ ಒಇಸಿಡಿ ದೇಶಗಳಲ್ಲಿ ಈ ವರ್ಗದ ಮನೆಗಳ ಖರ್ಚಿನಲ್ಲಿ ವಸತಿಯ ಪಾಲು 1990ರ ದಶಕದಲ್ಲಿ ಸುಮಾರು ಕಾಲು ಭಾಗ ಇತ್ತು, ಆಮೇಲೆ ಮೂರನೇ ಒಂದು ಭಾಗದ ಹತ್ತಿರ ಬಂತು. ಐದರಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳು ಗಳಿಸಿದ್ದಕ್ಕಿಂತ ಜಾಸ್ತಿ ಖರ್ಚು ಮಾಡುತ್ತವೆ. ನೀವೊಬ್ಬರೇ ಅಲ್ಲ.

ಎರಡು ವರ್ಷದ ಹಿಂದೆ ಮನೆ ಕೊಂಡವರು:
ಎಲ್ಲರೂ ಸಾಲಕ್ಕೆ ಹೆದರಿಸುತ್ತಾರೆ, ನಾನು ಬೇರೆ ಹೇಳ್ತೀನಿ. ನಿಮ್ಮಪ್ಪನ ಮಾತಲ್ಲೂ ಸತ್ಯ ಇದೆ. ಮಾಲೀಕರು ಫೋನ್ ಮಾಡಿದರೆ ಸಾಕು, ಬಾಡಿಗೆ ಏರಿಸ್ತಾರೋ ಖಾಲಿ ಮಾಡಿ ಅಂತಾರೋ ಅನ್ನೋ ಎದೆ ಡವಡವ ನನಗೆ ನಿಂತಿದೆ. ಮಗನ ಶಾಲೆ ಬದಲಾಯಿಸಬೇಕಾಗಿಲ್ಲ. ಹೌದು, ಕಂತು ಭಾರವೇ. ಪ್ರವಾಸ ಬಿಟ್ಟಿದ್ದೇವೆ, ಹಳೇ ಕಾರೇ ಓಡುತ್ತಿದೆ. ನೆಂಟರು ಏನಾದರೂ ಅಂದುಕೊಳ್ಳಲಿ ಬಿಡಿ.

ಅರ್ಥಶಾಸ್ತ್ರ ಪಾಠ ಮಾಡುವವರು:
ನೆಂಟರ ಮಾತು ಬಂತಲ್ವಾ, ಒಂದು ವಿಷಯ ಸೇರಿಸುತ್ತೇನೆ. 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಲಿನನ್ ಅಂಗಿಯ ಉದಾಹರಣೆ ಕೊಟ್ಟಿದ್ದರು. ಬದುಕಲು ಅದು ಬೇಕಾಗಿಲ್ಲ, ಹಿಂದಿನ ಗ್ರೀಕರು, ರೋಮನ್ನರು ಅದಿಲ್ಲದೆ ಚೆನ್ನಾಗೇ ಇದ್ದರು. ಆದರೆ ತಮ್ಮ ಕಾಲದ ಯುರೋಪಿನಲ್ಲಿ ಕೂಲಿಯವನಿಗೂ ಆ ಅಂಗಿ ಇಲ್ಲದೆ ನಾಲ್ಕು ಜನರ ಮುಂದೆ ಬರಲು ನಾಚಿಕೆ ಅಂದರು. ಇವತ್ತು ಆ ಜಾಗದಲ್ಲಿ ಸ್ಮಾರ್ಟ್‌ಫೋನ್ ಇದೆ. ಹಾಗಾಗಿ ಫೋನನ್ನು ಸುಮ್ನೆ ಶೋಕಿ ಅಂತ ಬೈಯೋದು ಸರಿಯಲ್ಲ. ಅದಿಲ್ಲದೆ ಎಷ್ಟೋ ಕಡೆ ಕೆಲಸಕ್ಕೆ ಅರ್ಜಿ ಹಾಕೋದೂ ಕಷ್ಟ.

ಇನ್ನು ಶಾಲೆ, ಆಸ್ಪತ್ರೆ ಯಾಕೆ ದುಬಾರಿ ಅಂತೀರಾ? 1960ರ ದಶಕದಲ್ಲಿ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೋಮಾಲ್, ವಿಲಿಯಂ ಬೋವೆನ್ ಇದಕ್ಕೊಂದು ಕಾರಣ ಕೊಟ್ಟರು. ಯಂತ್ರ ಬಂದರೆ ಟಿವಿಯನ್ನು ಕಡಿಮೆ ಕೈಗಳಿಂದ ಮಾಡಬಹುದು. ನಾಲ್ವರು ನುಡಿಸುವ ಸಂಗೀತಕ್ಕೆ ಇವತ್ತಿಗೂ ನಾಲ್ವರೇ ಬೇಕು, ಅಷ್ಟೇ ಹೊತ್ತು ಬೇಕು. ಪಾಠ, ಶುಶ್ರೂಷೆ ಕೂಡ ಹೆಚ್ಚಾಗಿ ಹಾಗೇ. ಬೇರೆ ಕಡೆ ಸಂಬಳ ಏರಿದಾಗ ಇವರಿಗೂ ಏರಿಸಬೇಕು, ಆ ಖರ್ಚು ಫೀಸಿನಲ್ಲಿ ಬರುತ್ತದೆ. ಇದೊಂದೇ ಕಾರಣ ಅಂತಲ್ಲ.

ಇಬ್ಬರ ದುಡಿಮೆಯ ಬಗ್ಗೆಯೂ ಒಂದು ಮಾತು. ಒಬ್ಬರೇ ದುಡಿಯುತ್ತಿದ್ದಾಗ, ಅವರು ಹಾಸಿಗೆ ಹಿಡಿದರೆ ಇನ್ನೊಬ್ಬರು ಕೆಲಸ ಹುಡುಕಬಹುದಿತ್ತು. ಈಗ ಎರಡೂ ಸಂಬಳ ಮೊದಲೇ ಕಂತಿಗೆ ಬರೆದುಕೊಟ್ಟಾಗಿರುತ್ತದೆ. ನಿಮ್ಮಪ್ಪನ ಮನೆಗಿದ್ದ ಈ ಆಸರೆ ಯಾವ ಪುಸ್ತಕದಲ್ಲೂ ಬರೆದಿರಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹೆಂಡತಿ ಜೊತೆ ಕೂತು ಲೆಕ್ಕ ಹಾಕಿದೆ. ಆರೋಗ್ಯ ವಿಮೆ ಇದೆ. ಇಬ್ಬರಲ್ಲಿ ಒಬ್ಬರ ಕೆಲಸ ಹೋದರೆ ಎರಡು ತಿಂಗಳು ಕೂಡ ಎಳೆಯೋದು ಕಷ್ಟ. ಕಾರಿನ ಕಂತು ಮುಂದಿನ ವರ್ಷ ಮುಗಿಯುತ್ತದೆ.

ಮನೆ ಸಾಲದ ಅರ್ಜಿ ನೋಡುವ ಕೆಲಸದಲ್ಲಿರುವವರು:
ಹಾಗಾದರೆ ಅಲ್ಲಿವರೆಗೆ ಮನೆ ಮಾತು ಬೇಡ ಸರ್. ಕಾರಿನ ಕಂತು ಮುಗಿದ ಮೇಲೂ ಅಷ್ಟೇ ದುಡ್ಡನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕಿ. ಆರು ತಿಂಗಳ ಖರ್ಚು ಜಮೆಯಾಗಲಿ. ಆಮೇಲೆ ಬ್ಯಾಂಕಿಗೆ ಹೋಗಿ, ಒಬ್ಬರ ಸಂಬಳದಲ್ಲೇ ಕಟ್ಟಲು ಆಗುವಷ್ಟು ಸಾಲ ಕೇಳಿ. ಇಬ್ಬರ ಸಂಬಳ ಸೇರಿಸಿ ಜಾಸ್ತಿ ಕೊಡ್ತೀವಿ ಅಂತ ನಮ್ಮಂಥವರೇ ಆಸೆ ತೋರಿಸುತ್ತೇವೆ, ಒಪ್ಪಬೇಡಿ.