ಅಪ್‌ಡೇಟ್: ಸಿಲಿಂಡರ್ ಸಿಕ್ಕಿಕೊಳ್ಳುತ್ತಿದ್ದದ್ದು ಎಜೆಕ್ಟರ್ ರಾಡ್‌ನಿಂದ

ಕೊಳ್ಳಬೇಕೆಂದಿದ್ದ ಹಳೆಯ ಡಬಲ್ ಆಕ್ಷನ್ ರಿವಾಲ್ವರ್‌ನ ಸಿಲಿಂಡರ್ (ಗುಂಡು ತುಂಬುವ, ತಿರುಗುವ ಭಾಗ) ಒಮ್ಮೊಮ್ಮೆ ತೆರೆಯುವುದೇ ಇಲ್ಲ, ಅದನ್ನು ಹೊರಕ್ಕೆ ತೆರೆಯುವ ತೋಳಾದ ಕ್ರೇನ್ ಬಾಗಿರಬಹುದೇ ಎಂದು ಕೇಳಿದ್ದೆ. ಬಾಗಿಲ್ಲ. ಖಾಲಿ ಕೇಸ್‌ಗಳನ್ನು ಹೊರದೂಡಲು ಒತ್ತುವ ಎಜೆಕ್ಟರ್ ರಾಡ್ ಸಡಿಲವಾಗಿ ಹೊರಕ್ಕೆ ತಿರುಗಿಕೊಂಡಿತ್ತು; ರಾಡ್ ಉದ್ದವಾದಷ್ಟೂ ಅದರ ಮುಂತುದಿಯ ಲಾಕ್ ಬಿಡುವುದಿಲ್ಲ.

ಬಿಗಿ ಮಾಡುವ ಮುನ್ನ ಚೇಂಬರ್‌ಗಳಿಗೆ (ಗುಂಡು ಕೂರುವ ತೂತುಗಳಿಗೆ) ಖಾಲಿ ಕೇಸ್‌ಗಳನ್ನು, ಅಂದರೆ ಹಾರಿಸಿದ ಮೇಲೆ ಉಳಿದ ಕವಚಗಳನ್ನು, ತುಂಬಲೇಬೇಕು. ಇಲ್ಲದಿದ್ದರೆ ಇಡೀ ಒತ್ತಡ ಎಕ್ಸ್‌ಟ್ರಾಕ್ಟರ್ ಸ್ಟಾರ್‌ನ (ಕೇಸ್‌ಗಳನ್ನು ಎತ್ತುವ ನಕ್ಷತ್ರಾಕಾರದ ಬಿಲ್ಲೆಯ) ಸಣ್ಣ ಪಿನ್‌ಗಳ ಮೇಲೆ ಬೀಳುತ್ತದೆ. ತಿರುಗಿಸುವ ದಿಕ್ಕನ್ನೂ ಖಚಿತಪಡಿಸಿಕೊಳ್ಳಿ: ಸ್ಮಿತ್ ಅಂಡ್ ವೆಸ್ಸನ್‌ನ ಹಳೆಯ ಮಾದರಿಗಳಲ್ಲಿ ಬಲ ಥ್ರೆಡ್, ನಂತರದವುಗಳಲ್ಲಿ ಎಡ ಥ್ರೆಡ್ (ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಗಿಯುವುದು). ರಾಡ್‌ಗೆ ಇಕ್ಕಳ ಹಾಕಿದರೆ ಅದೇ ಬಾಗುತ್ತದೆ.

ಉಳಿದ ಪರೀಕ್ಷೆಗಳು ಸಮಾಧಾನಕರ. ಬ್ಯಾರೆಲ್-ಸಿಲಿಂಡರ್ ಅಂತರ ಸಿಲಿಂಡರನ್ನು ಹಿಂದಕ್ಕೆ ಒತ್ತಿದಾಗ 0.007 ಇಂಚು, ಮುಂದಕ್ಕೆ ಒತ್ತಿದಾಗ 0.006, ಅಂದರೆ ಎಂಡ್ ಶೇಕ್ (ಸಿಲಿಂಡರ್‌ನ ಹಿಂದು-ಮುಂದಿನ ಅಲುಗಾಟ) ಬರೀ 0.001. ಹ್ಯಾಮರನ್ನು ತೀರಾ ನಿಧಾನವಾಗಿ ಎಳೆದಾಗಲೂ ಆರೂ ಚೇಂಬರ್‌ಗಳು ಪೂರ್ತಿ ಲಾಕ್ ಆದವು. ಇದೇ ನನಗೆ ಮುಖ್ಯವಾಗಿತ್ತು, ಆದ್ದರಿಂದ ಕೊಂಡೆ.

ರಿವಾಲ್ವರ್‌ನ ಹೊರಮೈ ನಿಕಲ್ ಲೇಪನದ್ದು. ಹಾಗಾಗಿ ಅಮೋನಿಯಾ ಇರುವ ಸಾಲ್ವೆಂಟ್ ಮುಟ್ಟಿಸುವುದಿಲ್ಲ. ಅಡಿಯಲ್ಲಿ ತಾಮ್ರದ ಪದರವಿದ್ದು, ಲೇಪನದ ಬಿರುಕಿನೊಳಗೆ ಇಳಿದು ಅದನ್ನು ತಿಂದರೆ ನಿಕಲ್ ಎದ್ದುಬರುತ್ತದೆ. ಸ್ಟಾರ್‌ನ ಅಡಿಯನ್ನು ಒಣ ಬ್ರಷ್‌ನಿಂದ ಉಜ್ಜಿದರೆ ಸಾಕು, ಎಣ್ಣೆ ಬೇಡ. ಅಲ್ಲಿ ಸುಡದ ಮದ್ದಿನ ಒಂದು ಕಣ ಅಂಟಿದರೂ ಸಿಲಿಂಡರ್ ಮತ್ತೆ ಬಿಗಿಯುತ್ತದೆ.